ಕ್ಯಾಬಿನ್ ಕಿಟಕಿ: ಓದುಗರ ಪ್ರಶ್ನೆ, ಹಳೇ ಆಪರೇಟರ್ ಉತ್ತರ

ಹೋದ ಸಂಚಿಕೆಯಲ್ಲಿ ಫ್ರ್ಯಾಂಕ್ ಕಾಪ್ರಾ 1934ರಲ್ಲಿ ಮಾಡಿದ ಕಪ್ಪುಬಿಳುಪು ಹಾಸ್ಯ ಪ್ರೇಮಕಥೆ ‘ಇಟ್ ಹ್ಯಾಪನ್ಡ್ ಒನ್ ನೈಟ್’ ಈಗ ಮನೆಯಲ್ಲೇ ಚೊಕ್ಕಟವಾಗಿ ನೋಡಲು ಸಿಗುತ್ತದೆ ಎಂದು ಒಂದು ಸಾಲು ಬರೆದಿದ್ದೆ. ಅದಕ್ಕೇ ಇಷ್ಟೊಂದು ಪತ್ರ! ಈ ಸಲ ಅವನ್ನೇ ಮುಗಿಸೋಣ. ಪ್ರೊಜೆಕ್ಟರ್ ರಿಪೇರಿ ಕೇಳಿದವರು ಮುಂದಿನ ತಿಂಗಳವರೆಗೆ ತಾಳಿಕೊಳ್ಳಿ.

ಅಮೆರಿಕದಿಂದ ಬಂದ ಮಗಳು ಈ ಸಿನಿಮಾದ ಬ್ಲೂ-ರೇ ತಂದುಕೊಟ್ಟಳು. ನಮ್ಮ ಪ್ಲೇಯರ್‌ಗೆ ಹಾಕಿದರೆ ಓಡುವುದೇ ಇಲ್ಲ. ಡಿಸ್ಕ್ ಹಾಳಾಗಿದೆಯೇ? — ನಿವೃತ್ತ ಬ್ಯಾಂಕ್ ನೌಕರ, ಹಾಸನ

ಡಿಸ್ಕ್ ಸರಿಯಾಗೇ ಇದೆ ಸ್ವಾಮಿ, ಸುಮ್ಮನೆ ಮಗಳನ್ನು ಬೈಯಬೇಡಿ. ಬ್ಲೂ-ರೇ ಕಂಪನಿಗಳು ಜಗತ್ತನ್ನು ಎ, ಬಿ, ಸಿ ಎಂದು ಮೂರು ಪಾಲು (ರೀಜನ್) ಮಾಡಿಕೊಂಡಿವೆ. ಒಂದು ಪಾಲಿಗೆಂದು ಬೀಗ ಹಾಕಿದ ಡಿಸ್ಕ್ ಇನ್ನೊಂದು ಪಾಲಿನ ಪ್ಲೇಯರ್‌ನಲ್ಲಿ ಓಡದು. ಅಮೆರಿಕ ಎ, ನಾವು ಸಿ. ಮಗಳು ತಂದಿರುವುದು 2014ರಲ್ಲಿ ಕ್ರೈಟೀರಿಯನ್ ಎಂಬ ಡಿಸ್ಕ್ ಕಂಪನಿಯವರು ಅಲ್ಲಿನವರಿಗಾಗಿ ಹೊರತಂದ ಡಿಸ್ಕ್ ಇರಬೇಕು. ಎಲ್ಲ ರೀಜನ್ ಓದುವ ಪ್ಲೇಯರ್ ಇದ್ದರೆ ಅದು ಓಡುತ್ತದೆ. ಇದೇ ಸಿನಿಮಾವನ್ನು ಸೋನಿಯವರು 2022ರಲ್ಲಿ ಬ್ಲೂ-ರೇಗಿಂತ ಸ್ಪಷ್ಟವಾದ 4ಕೆ ಅಲ್ಟ್ರಾ ಎಚ್‌ಡಿ ಡಿಸ್ಕ್‌ನಲ್ಲೂ ತಂದರು, ಬೇರೆ ಐದು ಚಿತ್ರಗಳ ಜೊತೆ ಒಂದು ಪೆಟ್ಟಿಗೆಯಲ್ಲಿ. ಆ ಬಗೆಯ ಡಿಸ್ಕ್‌ಗೆ ರೀಜನ್ ತಂಟೆ ಇಲ್ಲ, ಆದರೆ ಅದಕ್ಕೆ 4ಕೆ ಪ್ಲೇಯರೇ ಬೇಕು. ಇನ್ನೊಂದು ಮಾತು. ನಿಮ್ಮ ಡಿಸ್ಕ್‌ನ ಹೊದಿಕೆ ಮೇಲೂ ‘4ಕೆ’ ಅಂತ ಕಂಡರೆ ಗಲಿಬಿಲಿ ಬೇಡ. ಫಿಲ್ಮ್ ಸ್ಕ್ಯಾನ್ ಮಾಡಿ ದುರಸ್ತಿ ಮಾಡಿದ್ದು 4ಕೆಯಲ್ಲಿ, ನಿಮ್ಮ ಕೈಯಲ್ಲಿರುವುದು ಮಾಮೂಲಿ ಬ್ಲೂ-ರೇ.

ರಿಸ್ಟೋರೇಷನ್ ಎಂದರೆ ನಿಜವಾಗಿ ಏನು ಮಾಡುತ್ತಾರೆ? ಕಂಪ್ಯೂಟರ್‌ನಲ್ಲಿ ಒಂದು ಗುಂಡಿ ಒತ್ತಿದರೆ ಮುಗಿಯುವುದಿಲ್ಲವೇ? — ಬಿ.ಎಸ್ಸಿ. ವಿದ್ಯಾರ್ಥಿ, ದಾವಣಗೆರೆ

ಗುಂಡಿ ಒತ್ತಿದರೆ ಮುಗಿಯುವ ಹಾಗಿದ್ದರೆ ಎಷ್ಟು ಚೆನ್ನಾಗಿತ್ತು. ಲೆಕ್ಕ ಹಾಕಿ ನೋಡಪ್ಪ: ಸಿನಿಮಾ 105 ನಿಮಿಷ, ಸೆಕೆಂಡಿಗೆ 24 ಚೌಕ, ಅಂದರೆ ಫ್ರೇಮ್. ಒಂದೂವರೆ ಲಕ್ಷದ ಮೇಲಾಯಿತು. ಪ್ರತಿ ಚೌಕದಲ್ಲೂ ದೂಳು, ಗೀರು, ಹರಕು. ಸೋನಿ ಕಲರ್‌ವರ್ಕ್ಸ್‌ನವರು 2013ರಲ್ಲಿ ಈ ಕೆಲಸ ಕೈಗೆತ್ತಿಕೊಂಡರು. ಅದರಲ್ಲಿ ಚೌಕ ಚೌಕ ಕೂತು ಕೊಳೆ ತೆಗೆಯುವ ಕೆಲಸ ಯಾರ ಪಾಲಿಗೆ ಬಂತು ಗೊತ್ತೇ? ನಮ್ಮ ಪಕ್ಕದ ಚೆನ್ನೈ ಮೂಲದ ಪ್ರಸಾದ್ ಕಾರ್ಪೊರೇಷನ್‌ಗೆ. ಎಲ್.ವಿ. ಪ್ರಸಾದ್ ಕಟ್ಟಿದ ಸಂಸ್ಥೆ. ಕನ್ನಡ ಸಿನಿಮಾದ ಡಬ್ಬಗಳೆಲ್ಲ ಮದ್ರಾಸಿನಿಂದಲೇ ರೈಲು ಹತ್ತಿ ಬರುತ್ತಿದ್ದ ಕಾಲದವನು ನಾನು. ಹಾಲಿವುಡ್ಡಿನ ಹಳೇ ಚಿತ್ರವೊಂದು ಮುಖ ತೊಳೆಸಿಕೊಳ್ಳಲು ಆ ಕಡೆಗೇ ಬಂತು ಎಂದಾಗ ನನಗೆ ಒಳಗೊಳಗೇ ಖುಷಿ.

ಗೀರು ಬೀಳುವುದು ಹೇಗೆ ಎಂಬುದು ಕ್ಯಾಬಿನ್‌ನಲ್ಲಿ ಕೆಲಸ ಮಾಡಿದವರಿಗೆ ಗೊತ್ತು. ಪ್ರೊಜೆಕ್ಟರ್ ಗೇಟಿನಲ್ಲಿ ಒಂದು ಕಾಳು ಮರಳು ಕೂತರೆ ಸಾಕು, ಇಡೀ ರೀಲಿನ ಉದ್ದಕ್ಕೂ ಗೆರೆ ಎಳೆದುಬಿಡುತ್ತದೆ. ಆ ಗೆರೆಯಲ್ಲಿ ಕೊಳೆ ತುಂಬಿ ಪರದೆ ಮೇಲೆ ಮಳೆ ಹುಯ್ಯುತ್ತದೆ. ಮಳೆಯನ್ನಾದರೂ ಜನ ಸಹಿಸುತ್ತಾರೆ. ಅದಕ್ಕಿಂತ ಕೆಟ್ಟದ್ದು ಜಾಯಿಂಟು. ಫಿಲ್ಮ್ ತುಂಡಾದಾಗ ನಾವು ಏನು ಮಾಡುತ್ತಿದ್ದೆವು? ಹರಿದ ಚೌಕಗಳನ್ನು ಕತ್ತರಿಸಿ ಬಿಸಾಡಿ, ಬ್ಲೇಡಿನಲ್ಲಿ ತುದಿ ಕೆರೆದು, ಫಿಲ್ಮ್ ಸಿಮೆಂಟ್ ಎಂಬ ಅಂಟು ಹಚ್ಚಿ ಒತ್ತಿ ಹಿಡಿಯುವುದು. ಕೆಳಗೆ ಜನ ಶಿಳ್ಳೆ ಹೊಡೆಯುತ್ತಿರುವಾಗ ಎರಡು ಚೌಕ ಹೋಯಿತೋ ಹತ್ತು ಹೋಯಿತೋ ನೋಡುವವರು ಯಾರು? ಹೊಡೆದಾಟದ ಚಿತ್ರಕ್ಕೆ ಹತ್ತು ಚೌಕ ಹೋದರೆ ಒಂದು ಏಟು ಕಡಿಮೆ, ಅಷ್ಟೆ. ಮಾತಿನಲ್ಲೇ ನಗಿಸುವ ಈ ಬಗೆಯ ಚಿತ್ರದಲ್ಲಿ ಹಾಗಲ್ಲ. ಒಬ್ಬರ ಮಾತಿನ ಬಾಲ ಹಿಡಿದು ಇನ್ನೊಬ್ಬರ ಮಾತು ಬರಬೇಕು. ಅರ್ಧ ಸೆಕೆಂಡು ಹೋದರೆ ನಗುವೇ ಹೋಯಿತು.

ಒಂದು ದೃಶ್ಯ ನೋಡು. ನಾಯಕಿ ಎಲಿ ದೊಡ್ಡ ಸಾಹುಕಾರನ ಮಗಳು, ಅಪ್ಪನ ಹಡಗಿನಿಂದ ನೀರಿಗೆ ಹಾರಿ ಓಡಿಬಂದವಳು. ಪೀಟರ್ ಕೆಲಸ ಕಳೆದುಕೊಂಡ ಪತ್ರಕರ್ತ. ಇಬ್ಬರೂ ಒಂದು ಬಾಡಿಗೆ ಕೋಣೆಯಲ್ಲಿರುವಾಗ ಅಪ್ಪ ಕಳಿಸಿದ ಪತ್ತೇದಾರರು ಬಾಗಿಲಿಗೆ ಬರುತ್ತಾರೆ. ಪೀಟರ್ ತಟ್ಟನೆ ಅವಳ ಕೂದಲು ಕೆದರಿ ಮುಖದ ಮೇಲೆಳೆಯುತ್ತಾನೆ. ಮರುಕ್ಷಣ ಇಬ್ಬರೂ ವರ್ಷಗಟ್ಟಲೆ ಸಂಸಾರ ಮಾಡಿ ಬೇಸತ್ತ ಗಂಡಹೆಂಡಿರಂತೆ ಜಗಳ ಶುರು! ಅವನು ಕೊಳಾಯಿ ರಿಪೇರಿಯವನ ಮಗಳು ಎಂದು ಅವಳನ್ನು ಹಂಗಿಸುತ್ತಾನೆ, ಅವಳು ಗೊಳೋ ಎಂದು ಅಳುತ್ತಾಳೆ. ಪತ್ತೇದಾರರು ನಾಚಿಕೊಂಡು ಹೊರಗೆ. ಪೂರ್ವತಯಾರಿ ಇಲ್ಲದೆ ಒಬ್ಬರ ಸುಳ್ಳಿಗೆ ಇನ್ನೊಬ್ಬರು ಹೆಗಲು ಕೊಟ್ಟರಲ್ಲ, ಪ್ರೀತಿ ಹುಟ್ಟಿದ್ದು ನಿಜಕ್ಕೂ ಅಲ್ಲಿ. ಜಾಯಿಂಟು ತುಂಬಿದ ಪ್ರಿಂಟಿನಲ್ಲಿ ನೋಡಿದರೆ ಇದು ಬರೀ ಕೂಗಾಟ. ದುರಸ್ತಿಯಾದ ಪ್ರತಿಯಲ್ಲಿ ಅಳುತ್ತಿರುವ ಎಲಿಯ ಮುಖ ನೋಡು, ಆಟ ಆಡಲು ಸಿಕ್ಕ ಹುಡುಗಿಯ ಹಿಗ್ಗು ಎದ್ದು ಕಾಣುತ್ತದೆ.

ರಿಸ್ಟೋರ್ ಆದ ಮೇಲೂ ಚಿತ್ರದ ತುಂಬ ರವೆ ರವೆ. ಜೊತೆಗೆ ಟಿ.ವಿ.ಯ ಎರಡೂ ಬದಿ ಕಪ್ಪು ಪಟ್ಟಿ. ಇದೇನು ಮೋಸ? — ಗೃಹಿಣಿ, ಶಿರಸಿ

ಮೋಸವಲ್ಲ ತಾಯಿ. ಆ ರವೆಯೇ ಚಿತ್ರ. ಫಿಲ್ಮಿನಲ್ಲಿ ಬೆಳಕು ಬಿದ್ದು ಕಪ್ಪಾಗುವುದು ಬೆಳ್ಳಿಯ ಸಣ್ಣ ಸಣ್ಣ ಹರಳಿನಿಂದ. ಅದನ್ನೂ ಒರೆಸಿಹಾಕಿದರೆ ಮುಖಗಳು ಮೇಣದ ಬೊಂಬೆಯಾಗುತ್ತವೆ. ಕಪ್ಪು ಪಟ್ಟಿಯೂ ಸರಿಯೇ, ಅಂದಿನ ಚಿತ್ರಗಳ ಅಳತೆ ಹೆಚ್ಚುಕಡಿಮೆ ಚೌಕ. ರಿಮೋಟಿನಲ್ಲಿ ಝೂಮ್ ಒತ್ತಿ ತಲೆ ಕತ್ತರಿಸಬೇಡಿ. ಟಿ.ವಿ. ಸೆಟಿಂಗ್ಸ್‌ಗೆ ಹೋಗಿ ನಾಯ್ಸ್ ರಿಡಕ್ಷನ್, ಮೋಷನ್ ಸ್ಮೂದಿಂಗ್ ಎರಡನ್ನೂ ಆಫ್ ಮಾಡಿ, ಶಾರ್ಪ್‌ನೆಸ್ ತಗ್ಗಿಸಿ. ‘ಫಿಲ್ಮ್‌ಮೇಕರ್ ಮೋಡ್’ ಎಂದಿದ್ದರೆ ಕಣ್ಣು ಮುಚ್ಚಿ ಅದನ್ನೇ ಒತ್ತಿ. ಕೋಣೆಯ ದೀಪ ಆರಿಸಿ ನೋಡಿ. ಈ ಸಿನಿಮಾದ ಸೊಗಸಿರುವುದೇ ಕತ್ತಲಲ್ಲಿ.

ಎಪ್ಪತ್ತೆಂಟರ ನಮ್ಮ ಅತ್ತೆಯ ಜೊತೆ ಕೂತು ನೋಡಬಹುದೇ? ಮದುವೆಯಾಗದ ಗಂಡು ಹೆಣ್ಣು ಒಂದೇ ಕೋಣೆಯಲ್ಲಿ ಮಲಗುತ್ತಾರೆ ಎಂದು ಓದಿದೆ. — ಶಿಕ್ಷಕಿ, ಬಾಗಲಕೋಟೆ

ಧಾರಾಳವಾಗಿ. ಮಲಗುತ್ತಾರೆ ನಿಜ, ಆದರೆ ಎರಡು ಮಂಚದ ನಡುವೆ ಹಗ್ಗ ಕಟ್ಟಿ ಅದರ ಮೇಲೆ ಕಂಬಳಿ ಹಾಕಿಕೊಂಡು. ಪೀಟರ್ ಅದನ್ನು ಬೈಬಲಿನ ಜೆರಿಕೋ ಕೋಟೆಗೋಡೆ ಎನ್ನುತ್ತಾನೆ. ಹೊರಗೆ ಮಳೆ. ದೀಪ ಆರಿದೆ. ಗೋಡೆಯ ಆಚೆ ಎಲಿ ಬಟ್ಟೆ ಬದಲಿಸುತ್ತ ಒಂದೊಂದನ್ನೇ ಕಂಬಳಿ ಮೇಲೆ ಹಾಕುತ್ತಾಳೆ. ಈಚೆ ಮಲಗಿದವನು ಅದನ್ನು ನೋಡಲಾರದೆ, ದಯವಿಟ್ಟು ಅವನ್ನು ತೆಗಿ ಎನ್ನುತ್ತಾನೆ! ತೋರಿಸದೆಯೇ ಎಲ್ಲ ಹೇಳಿದ್ದಾರೆ. ಛಾಯಾಗ್ರಾಹಕ ಜೋಸೆಫ್ ವಾಕರ್ ಕಿಟಕಿಯಿಂದ ಬರುವ ಬೆಳಕು ಅವಳ ಕಣ್ಣಂಚಿಗೆ ಮಾತ್ರ ತಾಗುವಂತೆ ಮಾಡಿದ್ದಾನೆ. ಹಳೇ ಕಾಪಿಗಳಲ್ಲಿ ಅಲ್ಲಿ ಬೂದು ಬಣ್ಣದ ಗುಪ್ಪೆಯ ಹೊರತು ಏನೂ ಕಾಣುತ್ತಿರಲಿಲ್ಲ.

ಅತ್ತೆಯವರಿಗೆ ಇದನ್ನೂ ಹೇಳಿ: ಎಲಿಯಾದ ಕ್ಲಾಡೆಟ್ ಕೋಲ್ಬೆರ್‌ಗೆ ಈ ಚಿತ್ರ ಬೇಕೇ ಇರಲಿಲ್ಲ. ದುಪ್ಪಟ್ಟು ಸಂಭಾವನೆ, ನಾಲ್ಕೇ ವಾರದ ಶೂಟಿಂಗ್ ಎಂಬ ಷರತ್ತು ಹಾಕಿ ಬಂದಳು. ಮುಗಿಸಿ ಹೋಗಿ, ಜಗತ್ತಿನ ಅತಿ ಕೆಟ್ಟ ಚಿತ್ರ ಮಾಡಿ ಬಂದೆ ಎಂದು ಸ್ನೇಹಿತರ ಹತ್ತಿರ ದೂರಿದಳು. 1935ರ ಫೆಬ್ರವರಿಯಲ್ಲಿ ಆಸ್ಕರ್ ಬಂದಾಗ ರೈಲು ಹತ್ತಲು ಹೊರಟಿದ್ದವಳನ್ನು ಹಿಡಿದು ತಂದರು, ಪ್ರಯಾಣದ ಬಟ್ಟೆಯಲ್ಲೇ ಪ್ರಶಸ್ತಿ ತೆಗೆದುಕೊಂಡಳು. ಚಿತ್ರ, ನಿರ್ದೇಶನ, ನಟ, ನಟಿ, ಚಿತ್ರಕಥೆ, ಐದೂ ಅದಕ್ಕೇ. ಹಾಗೆ ಬಾಚಿಕೊಂಡ ಮೊದಲ ಚಿತ್ರ ಅದು.

ಇದನ್ನು ಕನ್ನಡದಲ್ಲಿ ಯಾರಾದರೂ ಮಾಡಿದ್ದಾರೆಯೇ? — ಆಟೊ ಚಾಲಕ, ಮಂಡ್ಯ

ಗಣೇಶ್, ರೇಖಾ ಇರುವ 2007ರ ‘ಹುಡುಗಾಟ’ ನೋಡಿದ್ದೀರಲ್ಲ? ಎಳೆ ಇದೇ. ಅದಕ್ಕೆ ಮೊದಲು ಹಿಂದಿಯಲ್ಲಿ 1956ರ ‘ಚೋರಿ ಚೋರಿ’, 1991ರ ‘ದಿಲ್ ಹೈ ಕೆ ಮಾನ್ತಾ ನಹೀ’. ಹಾಡಿಗೆ ‘ಚೋರಿ ಚೋರಿ’, ಚುರುಕಿಗೆ ಮೂಲವೇ ಎಂಬುದು ನನ್ನ ತೀರ್ಪು. ಒಪ್ಪದಿದ್ದರೆ ಜಗಳಕ್ಕೆ ಬನ್ನಿ.

ಇಷ್ಟೆಲ್ಲ ದುಡ್ಡು ಸುರಿಯುವವರು ಕಲರ್ ಮಾಡಬಾರದಿತ್ತೇ? — ಹೆಸರು ಬೇಡ ಎಂದವರು, ಕೋಲಾರ

ಬಾರದು. ಹೆಸರು ಬೇಡ ಎಂದು ಒಳ್ಳೆಯದೇ ಮಾಡಿದಿರಿ.