ಟಿಟಿಯೊಳಗೆ (ಟೆಂಪೋ ಟ್ರಾವೆಲರ್) ಬಚ್ಚಲು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಹಳೆಯ ಟೆಂಪೋ ಟ್ರಾವೆಲರ್ ಒಂದನ್ನು ನಾನೇ ಕ್ಯಾಂಪರ್ (ಪ್ರವಾಸದಲ್ಲಿ ಒಳಗೇ ಉಳಿಯಬಹುದಾದ ಗಾಡಿ) ಮಾಡಿಕೊಳ್ಳುತ್ತಿದ್ದೇನೆ. ಹಿಂದಿನ ಮೂಲೆಯಲ್ಲಿ ಬಚ್ಚಲಿಗೆ 80 x 60 ಸೆಂ.ಮೀ. ಜಾಗ ಸಿಗುತ್ತದೆ. ನೆಲಕ್ಕೆ ಟೈಲ್ಸ್ ಹಾಕಿಸಬಹುದೇ? (ಹಾಸನದ ಓದುಗರು)

ಉತ್ತರ: ಬೇಡಿ. ಭಾರದ ಮಾತು ಹಾಗಿರಲಿ, ರಸ್ತೆಯ ಪ್ರತಿ ಗುಂಡಿಗೂ ಗಾಡಿಯ ಬಾಡಿ ತಿರುಚಿಕೊಳ್ಳುತ್ತದೆ. ಟೈಲ್ಸ್ ಉಳಿದರೂ ಸಂದಿಗೆ ತುಂಬಿದ ಗ್ರೌಟ್ ಬಿರಿಯುತ್ತದೆ, ನೀರು ಇಳಿದು ಪ್ಲೈವುಡ್ ಕೊಳೆಯುತ್ತದೆ, ಅದರಡಿಯ ತಗಡು ತುಕ್ಕು ಹಿಡಿಯುತ್ತದೆ. ಬೇಕಾಗಿರುವುದು ಎಲ್ಲೂ ಸಂದಿಲ್ಲದ ಫೈಬರ್ ಟ್ರೇ.

ಐಎಸ್ 710 (ಮರೈನ್ ಪ್ಲೈನ ಭಾರತೀಯ ಮಾನಕ) ಗುರುತಿನ 12 ಮಿ.ಮೀ. ಮರೈನ್ ಪ್ಲೈನಲ್ಲಿ ತಳ, ಸುತ್ತ 15 ಸೆಂ.ಮೀ. ಎತ್ತರದ ಅಂಚು ಮಾಡಿ. ಮೂಲೆಗಳನ್ನು ರೆಸಿನ್ (ಗಟ್ಟಿಯಾಗುವ ಅಂಟುದ್ರವ) ಪುಟ್ಟಿಯಿಂದ ದುಂಡಗಾಗಿಸಿ; ಚೂಪು ಮೂಲೆಗೆ ಫೈಬರ್ ಮ್ಯಾಟ್ (ಗಾಜಿನ ಎಳೆಗಳ ಹಾಸು) ಕೂರುವುದಿಲ್ಲ, ಒಳಗೆ ಗಾಳಿ ನಿಲ್ಲುತ್ತದೆ. ಮೇಲೆ 450 ಜಿಎಸ್‌ಎಂ (ಚದರ ಮೀಟರಿಗೆ 450 ಗ್ರಾಂ) ಫೈಬರ್ ಮ್ಯಾಟ್ ಎರಡು ಪದರ. ನಿಮ್ಮ ಅಳತೆಗೆ ಸುಮಾರು 1 ಕೆ.ಜಿ. ಮ್ಯಾಟ್, ಎರಡೂವರೆ ಕೆ.ಜಿ. ಪಾಲಿಯೆಸ್ಟರ್ ರೆಸಿನ್ ಸಾಕು. ರೆಸಿನ್ ಗಟ್ಟಿಯಾಗಿಸುವ ಹಾರ್ಡನರ್ ಒಂದು ಕೆ.ಜಿ. ರೆಸಿನ್‌ಗೆ ಸುಮಾರು 15 ಮಿ.ಲೀ. ಅಂಗಡಿಯವರು ಕೋಬಾಲ್ಟನ್ನು (ಗಟ್ಟಿಯಾಗುವುದನ್ನು ಚುರುಕುಗೊಳಿಸುವ ದ್ರವ) ಬೇರೆ ಬಾಟಲಿಯಲ್ಲಿ ಕೊಟ್ಟರೆ ಮೊದಲು ಅದನ್ನು ರೆಸಿನ್‌ಗೆ ಪೂರ್ತಿ ಬೆರೆಸಿ, ಆಮೇಲೆ ಹಾರ್ಡನರ್. ಇವೆರಡು ನೇರವಾಗಿ ಸೇರಿದರೆ ಸಿಡಿಯುತ್ತವೆ. ಕೊನೆಯ ಲೇಪಕ್ಕೆ ಮೇಣ ಬೆರೆತ ಟಾಪ್‌ಕೋಟ್ ಕೇಳಿ. ಮೇಣವಿಲ್ಲದ ಬರೀ ಜೆಲ್‌ಕೋಟ್ ಬಳಿದರೆ ಅಂಟಂಟಾಗಿಯೇ ಉಳಿಯುತ್ತದೆ.

ಮನೆಯ ಬಚ್ಚಲಿನಂತೆ ಒಂದೇ ಕಡೆಗೆ ವಾಟ ಕೊಟ್ಟರೆ ಏರಿನಲ್ಲಿ ನಿಲ್ಲಿಸಿದ ದಿನ ನೀರು ಹಿಂದಕ್ಕೆ ಬರುತ್ತದೆ. ನಡುವೆ 8 ಮಿ.ಮೀ. ಉಬ್ಬಿಸಿ ಎರಡೂ ತುದಿಗೆ ವಾಟ ಕೊಡಿ, ತುದಿಗೊಂದು ತೂತು ಇಡಿ. ಕೊರೆಯುವ ಮುಂಚೆ ಗಾಡಿಯ ಕೆಳಗೆ ಮಲಗಿ ನೋಡಿ: ಛಾಸಿ, ಬ್ರೇಕ್ ಪೈಪು, ಡೀಸೆಲ್ ಪೈಪು ಯಾವುದೂ ಅಡ್ಡ ಬರಬಾರದು. ಗೋಡೆಗೆ 2 ಮಿ.ಮೀ. ಫೈಬರ್ ಶೀಟ್ ಸಾಕು. ಅದರ ಕೆಳತುದಿ ಟ್ರೇ ಅಂಚಿನ ಒಳಮಗ್ಗುಲಿಗೆ ಇಳಿಯಲಿ, ಸಂದಿಗೆ ಪಿಯು (ಪಾಲಿಯುರೆಥೇನ್) ಸೀಲೆಂಟ್ ತುಂಬಿ. ತೂತು ಮುಚ್ಚಿ 5 ಸೆಂ.ಮೀ. ನೀರು ಒಂದು ದಿನ ನಿಲ್ಲಿಸಿ. ಆಮೇಲೆ ನೀರು ಚೆಲ್ಲಿ ಗಾಡಿಯನ್ನು ಕೆಟ್ಟ ರಸ್ತೆಯಲ್ಲಿ ಓಡಿಸಿ ಬಂದು ಮತ್ತೆ ನೀರು ನಿಲ್ಲಿಸಿ. ಎರಡನೇ ಪರೀಕ್ಷೆ ಬಿಡುವವರೇ ಹೆಚ್ಚು, ಸೋರಿಕೆ ಕಾಣುವುದು ಅಲ್ಲೇ.

ಪ್ರಶ್ನೆ: ಬಚ್ಚಲ ತೂತಿಗೆ ಮನೆಗೆ ಬಳಸುವ ಟ್ರ್ಯಾಪನ್ನೇ (ನೀರು ನಿಂತು ವಾಸನೆ ತಡೆಯುವ ಬಾಗಿದ ಪೈಪು) ಹಾಕಿದ್ದರೂ ಗಾಡಿ ಹೊರಟರೆ ಕೊಳಕು ವಾಸನೆ. ಏಕೆ? (ಬೆಳಗಾವಿಯ ಓದುಗರು)

ಉತ್ತರ: ವಾಸನೆ ತಡೆಯಬೇಕಾದ ನೀರು ಗಾಡಿಯ ಕುಲುಕಾಟಕ್ಕೆ ಟ್ರ್ಯಾಪಿನಿಂದ ಖಾಲಿಯಾಗಿರುತ್ತದೆ. ಪೊರೆಯಿಂದ ಮುಚ್ಚಿಕೊಳ್ಳುವ ನೀರಿಲ್ಲದ ಟ್ರ್ಯಾಪ್ ಹಾಕಿ, ಕೊಳೆನೀರಿನ ಟ್ಯಾಂಕಿಗೆ ಹೊರಕ್ಕೆ ತೆರೆಯುವ ಗಾಳಿ ಪೈಪು ಕೊಡಿ. ಅಲ್ಲಿಯವರೆಗೆ ಓಡಿಸುವಾಗ ರಬ್ಬರ್ ಬಿರಡೆ. ಬರುವ ನೀರಿನ ಪೈಪು ಅಂಟಿಸಿದ ಸಿಪಿವಿಸಿಯಾಗಿದ್ದರೆ ಅದನ್ನೂ ಬದಲಿಸಿ; ಅದರ ಜಾಯಿಂಟುಗಳು ಕಂಪನಕ್ಕೆ ಬಿರಿಯುತ್ತವೆ. ಬಾಗುವ ಪ್ಲಾಸ್ಟಿಕ್ಕಿನ ಪೆಕ್ಸ್ ಪೈಪು ಒಳ್ಳೆಯದು.

ಪ್ರಶ್ನೆ: ಇಬ್ಬರಿಗೆ ಎಷ್ಟು ನೀರು, ಎಂಥ ಕಮೋಡು? (ಮಂಗಳೂರಿನ ಓದುಗರು)

ಉತ್ತರ: 60 ಲೀಟರ್ ಟ್ಯಾಂಕು. ತುಂಬಿದಾಗ ಅಷ್ಟೇ ಕೆ.ಜಿ. ತೂಕ, ಆದ್ದರಿಂದ ಅದು ಹಿಂದಿನ ಆಕ್ಸಲ್ಲಿಗಿಂತ ಮುಂದಿರಲಿ. ನಿಮಿಷಕ್ಕೆ 4–5 ಲೀಟರ್ ಬಿಡುವ, ಹಿಡಿಯಲ್ಲೇ ಬಂದ್ ಮಾಡುವ ಶವರ್ ಇದ್ದರೆ ಒಂದು ಸ್ನಾನಕ್ಕೆ 12 ಲೀಟರ್ ಸಾಕು. 12 ವೋಲ್ಟ್ ಪಂಪಿನ ಮುಂದೆ ಜಾಲರಿ ಫಿಲ್ಟರ್ ಮರೆಯಬೇಡಿ. ಕಮೋಡಿಗೆ 20 ಲೀಟರ್ ಪೋರ್ಟಬಲ್ ತೆಗೆದುಕೊಳ್ಳಿ. ಇಬ್ಬರಿಗೆ ಎರಡು ಮೂರು ದಿನ ಬರುತ್ತದೆ. ಅದನ್ನು ಖಾಲಿ ಮಾಡುವುದು ಶೌಚಾಲಯದಲ್ಲಿ ಮಾತ್ರ, ಮೋರಿಗಲ್ಲ. ನಿಮ್ಮೂರಿನ ತೇವಕ್ಕೆ ಚಾವಣಿಯಲ್ಲಿ ಎಕ್ಸಾಸ್ಟ್ ಫ್ಯಾನ್ ಬೇಕೇ ಬೇಕು. ಬಾಗಿಲ ಕೆಳಗೆ ಗಾಳಿಸಂದು ಬಿಡದಿದ್ದರೆ ಫ್ಯಾನ್ ಸುಮ್ಮನೆ ಸುತ್ತುತ್ತದೆ.

ಮೂವರಿಗೂ ಒಂದು ಮಾತು: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯ ಸ್ವರೂಪ ಬದಲಾವಣೆಗೆ ಕಟ್ಟುಪಾಡುಗಳಿವೆ. ಸೀಟು ಕೀಳುವ ಮೊದಲೇ ಆರ್‌ಟಿಓ ಕಚೇರಿಗೆ ಹೋಗಿ ಬನ್ನಿ.