ಪಾಸ್ ಕಳಿಸದ ಗೆಳೆಯ

ಈ ತಿಂಗಳು ಬಂದ ಪತ್ರಗಳಲ್ಲಿ ಒಂದು ನನ್ನನ್ನು ಎರಡು ದಿನ ಸುಮ್ನೆ ಕೂರಲು ಬಿಡಲಿಲ್ಲ. ಬರೆದವರು ಮುಧೋಳದ ಓದುಗರು, ಬ್ಯಾಂಕ್ ಮ್ಯಾನೇಜರ್ ಆಗಿ ನಿವೃತ್ತರಾದವರು. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ನಾಲ್ಕು ಪುಟದ ಪತ್ರವನ್ನು ಇಲ್ಲಿ ಸಣ್ಣದು ಮಾಡಿ ಕೊಡುತ್ತೇನೆ.

1978ರಲ್ಲಿ ಕಾಲೇಜಿನ ಗ್ಯಾದರಿಂಗ್‌ಗೆ, ಅಂದರೆ ವಾರ್ಷಿಕೋತ್ಸವಕ್ಕೆ, ಇವರು ‘ರಕ್ತರಾತ್ರಿ’ ನಾಟಕದ ಒಂದು ದೃಶ್ಯ ಆಡಿದರು. ಇವರದು ಅಶ್ವತ್ಥಾಮ. ಗೆಳೆಯನೊಬ್ಬನಿಗೆ ಕಾವಲುಗಾರನ ಪಾತ್ರ, ಮೂರೇ ಮಾತು. ನಡುವೆ ಇವರ ಕಟ್ಟಿಗೆಯ ಖಡ್ಗ ಮುರಿಯಿತು. ಕಾವಲುಗಾರ ವಿಂಗ್‌ನೊಳಗೆ ಹೋಗಿ, ಕೈಗೆ ಸಿಕ್ಕ ಛತ್ರಿ ತಂದು, ಮೊಣಕಾಲೂರಿ, ಎರಡೂ ಕೈಯಿಂದ ಅಶ್ವತ್ಥಾಮನಿಗೆ ಒಪ್ಪಿಸಿದ. ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. ‘ನನ್ನ ಗಂಭೀರ ದೃಶ್ಯ ಹಾಳು ಮಾಡಿದ’ ಎಂಬ ಸಿಟ್ಟು ಪತ್ರದಲ್ಲಿ ಇನ್ನೂ ಬಿಸಿಯಾಗಿದೆ.

ಆ ಗೆಳೆಯ ಡಿಗ್ರಿ ಅರ್ಧಕ್ಕೆ ಬಿಟ್ಟು ನಾಟಕ ಕಂಪನಿ ಸೇರಿದ. ಆಮೇಲೆ ಬೆಂಗಳೂರು. ಈಗ ಧಾರಾವಾಹಿಗಳಲ್ಲಿ ಅಪ್ಪ, ಮಾವ, ಊರಗೌಡ. ಹೋದ ನವೆಂಬರ್‌ನಲ್ಲಿ ವಿಜಯಪುರಕ್ಕೆ ನಾಟಕ ಮಾಡಲು ಬಂದಿದ್ದ. ಇವರಿಗೆ ಪಾಸ್ ಕಳಿಸಲಿಲ್ಲ. ಆದರೂ ಇವರು ಹೋದರು, ಆಟ ಮುಗಿದ ಮೇಲೆ ಒಳಗೆ ಚೀಟಿ ಕಳಿಸಿದರು. ಗೆಳೆಯ ಎರಡು ನಿಮಿಷ ಮಾತಾಡಿದ, ‘ಸರ’ ಎಂದು ಕರೆದ, ಹೋದ. ‘ಮೂರು ಮಾತಿನವನು ನಟನಾದ, ನಾನು ಲೆಡ್ಜರ್ ಬರೆದೆ. ಇದು ಅದೃಷ್ಟವಲ್ಲದೆ ಮತ್ತೇನು? ಹೆಸರು ಬಂದವರಿಗೆ ಹಳೆ ಗೆಳೆಯರು ಬೇಡವೇ?’ ಎಂದು ಕೇಳಿದ್ದಾರೆ. ಕೊನೆಗೆ ಒಂದು ತಾ.ಕ. ಕೂಡ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಸಾಹೇಬರೇ, ನಿಮ್ಮ ನೋವು ಸುಳ್ಳಲ್ಲ. ಒಂದೇ ತಾಟಿನಲ್ಲಿ ಉಂಡವನು ‘ಸರ’ ಅಂದರೆ ಹೊಟ್ಟೆಯಲ್ಲಿ ಏನೋ ಕಿವುಚಿದ ಹಾಗಾಗುತ್ತದೆ. ಬ್ಯಾಂಕಿನ ಕೆಲಸವೂ ಕೆಲಸವೇ, ನಿಮ್ಮ ಸಹಿಯಿಂದ ಎಷ್ಟೋ ಮನೆಗಳಲ್ಲಿ ಬೋರ್‌ವೆಲ್ ನೀರು ಬಂದಿರಬಹುದು. ನಿಮ್ಮ ಕಡೆಯಿಂದ ನಾನು ಹೇಳಬಹುದಾದದ್ದು ಇಷ್ಟೇ. ಇನ್ನು ನಿಮ್ಮ ಗೆಳೆಯನ ಕಡೆ ಕೂತು ಮಾತಾಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನನಗೂ ಅಂಥ ಒಬ್ಬ ಗೆಳೆಯನಿದ್ದಾನೆ. ಅವನ ಹೆಸರು ಬೇಡ, ಮುಖ ನೀವೆಲ್ಲ ನೋಡಿದ್ದೀರಿ. ಇಬ್ಬರೂ ಹಳೆ ಬಾಗಲಕೋಟೆಯಲ್ಲಿ ಓದಿದವರು. ನಾವು ತಾಲೀಮು ಮಾಡುತ್ತಿದ್ದ ಓಣಿ ಆಲಮಟ್ಟಿ ಹಿನ್ನೀರಿಗೆ ಹೋಯಿತು, ಅಲ್ಲಿಯ ಮಂದಿ ನವನಗರಕ್ಕೆ ಎದ್ದು ಹೋದರು. ನಾನು ಎಂಥ ಹೀರೋ ಆಗಿದ್ದೆ ಅನ್ನುವುದಕ್ಕೆ ಈಗ ಮೀನುಗಳನ್ನೇ ಸಾಕ್ಷಿ ಕೇಳಬೇಕು. ಅವನು ಆಗ ಸಾಧಾರಣ ನಟ, ಇದನ್ನು ಅವನೇ ಒಪ್ಪುತ್ತಾನೆ. ಆದರೆ ತಾಲೀಮಿಗೆ ಒಂದು ದಿನವೂ ತಡವಾಗಿ ಬಂದವನಲ್ಲ. ನಾನು ಹೀರೋ, ಹಾಗಾಗಿ ದಿನಾ ತಡ.

1984ರ ಬನದ ಹುಣ್ಣಿಮೆಗೆ ಅವನನ್ನು ಹುಡುಕಿಕೊಂಡು ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಗೆ ಹೋದೆ. ಆ ಜಾತ್ರೆ ಗೊತ್ತಲ್ವಾ? ಕಂಪನಿಗಳು ಸಾಲಾಗಿ ಥೇಟರ್ ಹಾಕಿಕೊಂಡು ಕೂತಿರುತ್ತವೆ. ಒಂದರ ಮೈಕ್ ಇನ್ನೊಂದರ ಮೈಕನ್ನು ನುಂಗಲು ನೋಡುತ್ತಿರುತ್ತದೆ. ರಾತ್ರಿಗೆ ಎರಡು ಆಟ, ಮೂರು ಆಟ. ಮಂದಿ ಬೆಳಗಿನ ತನಕ ನಾಟಕ ನೋಡಿ, ಹೊಂಡದ ನೀರಲ್ಲಿ ಮುಖ ತೊಳೆದು ಊರ ದಾರಿ ಹಿಡಿಯುತ್ತಾರೆ.

ಅವನದು ಆಳುಮಗನ ಹಾಸ್ಯ ಪಾತ್ರ. ಹಾಲಿನ ಚರಿಗೆ ಹಿಡಿದು ಬಂದವನು ರಂಗದ ನಡುವೆ ಧಡಕ್ಕನೆ ಜಾರಿ ಬಿದ್ದ. ಕಾಲು ಮುರಿಯಿತು ಅಂದುಕೊಂಡು ನಾನು ಎದ್ದೇ ನಿಂತೆ. ಹಿಂದಿನವರು ‘ಕೂಡ್ರೋ’ ಎಂದು ಗದರಿದರು. ಥೇಟರ್ ನಗೆಯಿಂದ ಹಾರಿ ಹೋಗುವುದೊಂದು ಬಾಕಿ.

ಆಟದ ನಡುವಿನ ಬಿಡುವಿನಲ್ಲಿ ಒಳಗೆ ಹೋದೆ. ತಗಡಿನ ಮರೆ, ಬಿರುಕು ಬಿಟ್ಟ ಕನ್ನಡಿ, ಬಣ್ಣದ ಡಬ್ಬಿಗಳು. ಅವನು ಟ್ರಂಕಿನ ಮೇಲೆ ಕೂತು ಊಟ ಮಾಡುತ್ತಿದ್ದ. ತುಟಿಯ ಬಣ್ಣ ಕೆಡಬಾರದು ಅಂತ ಕಟಕ ರೊಟ್ಟಿಯನ್ನು ಉಗುರಿನಷ್ಟು ಚೂರು ಮಾಡಿ, ತಲೆ ಹಿಂದಕ್ಕೆ ಚೆಲ್ಲಿ, ಬಾಯೊಳಗೆ ಎಸೆದುಕೊಳ್ಳುತ್ತಿದ್ದ. ಶೇಂಗಾ ಹಿಂಡಿ ಕೂಡ ಹಾಗೆಯೇ, ಚಿಟಿಕೆ ಚಿಟಿಕೆ. ಒಂದು ಚೂರೂ ತುಟಿಗೆ ತಾಗಲಿಲ್ಲ. ಕೈ ಮುಟ್ಟಿದರೆ ಕಾದ ಹಂಚು. ಮೂರು ದಿನದಿಂದ ಜ್ವರವಂತೆ. ‘ಒಂದು ಆಟ ಬಿಡೋ’ ಅಂದೆ. ನಾನು ಯಾವುದೋ ಬೇರೆ ಭಾಷೆ ಮಾತಾಡಿದೆ ಅನ್ನುವ ಹಾಗೆ ನೋಡಿದ. ಬೆಲ್ ಆಯಿತು, ಹೋದ.

ಎರಡನೇ ಆಟದಲ್ಲಿ ಅದೇ ಹಲಗೆ, ಅದೇ ಚರಿಗೆ, ಅದೇ ಜಾರುವಿಕೆ. ಬಿದ್ದ ಮೇಲೆ ಎಡಗೈಯಿಂದ ಟೊಪಿಗೆ ಸರಿ ಮಾಡಿಕೊಳ್ಳುವುದು ಕೂಡ ಅದೇ. ಬೆಳಗಿನ ಜಾವ ಚಹಾ ಕುಡಿಯುವಾಗ ಕೇಳಿದೆ. ‘ಮೊದಲ್ನೇ ದಿನ ಖರೇನ ಜಾರಿದ್ದೆ ಲೇ. ಮಂದಿ ನಕ್ರು. ಮಾಲಕರು ನಾಳೇನೂ ಬೀಳು ಅಂದ್ರು. ಅವತ್ತಿಂದ ಬೀಳಾಕ ಹತ್ತೇನಿ’ ಅಂದ.

ಸಾಹೇಬರೇ, ಒಂದು ರಾತ್ರಿ ಬೀಳುವುದು ನಿಮಗೂ ಬರುತ್ತದೆ, ನನಗೂ ಬರುತ್ತದೆ. ಜ್ವರದಲ್ಲಿ, ಮಳೆಯಲ್ಲಿ, ಎದುರು ಹದಿನೈದೇ ಮಂದಿ ಕೂತಿದ್ದಾಗ, ಮನೆಯಿಂದ ಕೆಟ್ಟ ಸುದ್ದಿಯ ತಂತಿ ಬಂದ ದಿನ, ಅದೇ ಹಲಗೆಯ ಮೇಲೆ ಬೀಳುತ್ತೇವೆಯೇ? ನೀವು ಹೇಳುವ ಅದೃಷ್ಟ ಈ ಲೆಕ್ಕದಲ್ಲಿ ಎಲ್ಲಿ ಕೂರುತ್ತದೆ, ನಿಮ್ಮ ಲೆಡ್ಜರ್‌ನಲ್ಲೇ ಹುಡುಕಿ.

ಇನ್ನು ನಿಮ್ಮ ಛತ್ರಿಯ ವಿಷಯ. ಖಡ್ಗ ಮುರಿದಾಗ ನೀವೇನು ಮಾಡಿದಿರಿ? ‘ದಿಕ್ಕು ತೋಚದೆ ನಿಂತೆ’ ಎಂದು ನೀವೇ ಬರೆದಿದ್ದೀರಿ. ನಿಮ್ಮ ಕಾವಲುಗಾರ ನಿಲ್ಲಲಿಲ್ಲ. ಅವನ ಮೂರು ಮಾತು ಮುಗಿದಿತ್ತು. ಬೇರೆಯವರಾಗಿದ್ದರೆ ಹಿಂದೆ ಹೋಗಿ ಬೀಡಿ ಹಚ್ಚುತ್ತಿದ್ದರು. ಅವನು ನಿಮ್ಮ ಕೈ ಖಾಲಿಯಾದದ್ದನ್ನು ನೋಡಿದ. ಅಷ್ಟೇ ಅಲ್ಲ, ಮೊಣಕಾಲೂರಿ ಕೊಟ್ಟ! ಅಶ್ವತ್ಥಾಮನ ಮರ್ಯಾದೆಯನ್ನು ಆ ಹಾಲ್‌ನಲ್ಲಿ ಉಳಿಸಲು ನೋಡಿದವನು ಅವನೊಬ್ಬನೇ. ಮಂದಿ ನಕ್ಕಿದ್ದು ಅವನ ತಪ್ಪಲ್ಲ, ಛತ್ರಿಯ ತಪ್ಪು.

ನಮ್ಮ ಸೀಮೆಯಲ್ಲಿ ಈ ಮಾತು ಬಿಡಿಸಿ ಹೇಳಬೇಕಾಗಿ ಬಂದದ್ದೇ ವಿಚಿತ್ರ. ‘ರಕ್ತರಾತ್ರಿ’ ಬರೆದ ಹನುಮಂತರಾಯರ ಊರು ಕಂದಗಲ್ಲ ಇರುವುದು ಇಳಕಲ್ ಹತ್ತಿರ. ವಿಜಯಪುರದಲ್ಲಿ ಅವರ ಹೆಸರಿನ ರಂಗಮಂದಿರವೇ ಇದೆ. ಬೆಳಗಾವಿ ಜಿಲ್ಲೆಯ ರಂಗನಟ ಏಣಗಿ ಬಾಳಪ್ಪನವರು 1914ರಲ್ಲಿ ಹುಟ್ಟಿ 2017ರ ತನಕ ಬದುಕಿದರು. ಅವರ ಬಸವಣ್ಣನನ್ನು ನೋಡಿ ಜನ ಕೈ ಮುಗಿಯುತ್ತಿದ್ದರು. ಕೈ ಮುಗಿದವನಿಗೆ ಅದು ಒಂದು ರಾತ್ರಿ, ಬಾಳಪ್ಪನವರಿಗೆ ಮರುದಿನ ಮತ್ತೆ ಅದೇ ಬಣ್ಣ. ತಾಳಿಕೋಟೆಯ ರಾಜು ತಾಳಿಕೋಟೆ ಕಂಪನಿಯಿಂದಲೇ ಸಿನಿಮಾಕ್ಕೆ ಹೋದವರು. 2025ರಲ್ಲಿ ಶೂಟಿಂಗ್‌ಗೆ ಹೋದ ಕಡೆಯಲ್ಲೇ ತೀರಿಕೊಂಡರು. ಬೀಳಗಿಯ ಅಮೀರಬಾಯಿ ಮುಂಬೈಗೆ ಹೋಗಿ ಹಾಡಿ ಹೆಸರು ಮಾಡಿದರು. ಇವರೆಲ್ಲ ನಮ್ಮವರು ಅಂತ ಈಗ ಭಾಷಣ ಮಾಡುತ್ತೇವೆ. ಅವರು ಹೊರಟು ನಿಂತ ದಿನ ಏನು ಅಂದಿದ್ದೆವು?

ಇಂಡಿ ತಾಲ್ಲೂಕಿನ ಅಗರಖೇಡದಲ್ಲಿ ಹುಟ್ಟಿದ ನಾಟಕಕಾರ ಶ್ರೀರಂಗರು ಭರತನ ನಾಟ್ಯಶಾಸ್ತ್ರವನ್ನು ಅನುವಾದಿಸಿದರು. ಅದರ ಕೊನೆಗೆ ಒಂದು ಕಥೆ ಬರುತ್ತದೆ. ಭರತನ ಮಕ್ಕಳು ಋಷಿಗಳನ್ನು ಅಣಕಿಸಿ ನಾಟಕ ಮಾಡಿದರು. ಋಷಿಗಳಿಗೆ ಸಿಟ್ಟು ಬಂತು, ನಿಮ್ಮ ಕುಲವೇ ಕೀಳಾಗಲಿ ಎಂದು ಶಪಿಸಿದರು. ಅಣಕ ಸಹಿಸದ ದೊಡ್ಡವರು ಆಗಲೂ ಇದ್ದರು, ಇರಲಿ. ಆ ಶಾಪವನ್ನು ಜಾರಿ ಮಾಡಿದವರು ಮಾತ್ರ ನಾವು. ಕಂಪನಿಯವರಿಗೆ ಮನೆ ಬಾಡಿಗೆ ಕೊಡಲಿಲ್ಲ, ಹೆಣ್ಣು ಕೊಡಲಿಲ್ಲ. ನನ್ನ ಗೆಳೆಯ ಕಂಪನಿ ಸೇರಿದ ಸುದ್ದಿ ಬಂದಾಗ ನಮ್ಮ ಅವ್ವ ‘ಅಯ್ಯೋ, ಅವರವ್ವ ಹೆಂಗ ತಡಕೊಂಡಾಳ’ ಅಂದಳು, ಸತ್ತವರ ಮನೆಗೆ ಹೋಗಿ ಬಂದವಳ ಹಾಗೆ. ಮುಂದೆ ಅವನು ಟಿವಿಯಲ್ಲಿ ಕಂಡಾಗ ‘ನಮ್ಮ ಹುಡುಗ’ ಎಂದು ಓಣಿಯವರನ್ನೆಲ್ಲ ಕರೆದು ಕೂರಿಸಿದವಳೂ ಅವಳೇ. ನಿಮ್ಮ ಮನೆಯಲ್ಲಿ ಏನಂದಿದ್ದರು ಸಾಹೇಬರೇ? ಅದನ್ನು ನೀವು ಬರೆದಿಲ್ಲ.

ಮತ್ತು ಪಾಸ್! ಪತ್ರದಲ್ಲಿ ನನಗೆ ಮುಳ್ಳು ಚುಚ್ಚಿದ್ದು ಆ ಪದ. ಗೆಳೆಯನ ಕಿರಾಣಿ ಅಂಗಡಿಗೆ ಹೋಗಿ ಎರಡು ಕಿಲೋ ಸಕ್ಕರೆ ಪುಕ್ಕಟೆ ಕೊಡು ಅನ್ನುತ್ತೇವೆಯೇ? ನಿಮ್ಮ ಬ್ಯಾಂಕಿಗೆ ಯಾವ ಗೆಳೆಯನಾದರೂ ಬಂದು ಬಡ್ಡಿ ಬಿಡು ಅಂದರೆ ಬಿಡುತ್ತಿದ್ದಿರೇ? ನಟ ಗೆಳೆಯನಾದರೆ ಮಾತ್ರ ಅವನ ಅಂಗಡಿಯ ಮಾಲು ನಮಗೆ ಪುಕ್ಕಟೆ ಬೇಕು, ಅದೂ ಮುಂದಿನ ಸಾಲಿನಲ್ಲಿ. ವಿಜಯಪುರದ ಅಮೀರ್ ಟಾಕೀಸ್ ಅಮೀರಬಾಯಿ ಕಟ್ಟಿಸಿದ್ದು. ಅಲ್ಲಿ ಸಿನಿಮಾ ನೋಡಿದ ನಾವೆಲ್ಲ ಗೇಟಿನಲ್ಲಿ ಟಿಕೆಟ್ ಹರಿಸಿಕೊಂಡೇ ಒಳಗೆ ಹೋದವರು, ನಮ್ಮೂರ ಮಗಳು ಅಂತ ಯಾರೂ ತಕರಾರು ಮಾಡಲಿಲ್ಲ.

ಹೋದ ವರ್ಷ ನಮ್ಮ ಊರಿನ ಒಂದು ನಾಟಕಕ್ಕೆ ಹೋಗಿದ್ದೆ. ಮೊದಲ ಎರಡು ಸಾಲು ಪಾಸಿನವರದು. ದೀಪ ಹಚ್ಚುವ ತನಕ ಭರ್ತಿ. ಹಾರ, ಶಾಲು, ಫೋಟೊ. ಮೂರನೇ ಬೆಲ್ ಆಗುವಷ್ಟರಲ್ಲಿ ಎರಡೂ ಸಾಲು ಖಾಲಿ, ಕುರ್ಚಿಯ ಮೇಲೆ ನೀರಿನ ಬಾಟಲಿಗಳು. ಟಿಕೆಟ್ ತೆಗೆದುಕೊಂಡ ಮಂದಿ ಹಿಂದೆ ಕತ್ತು ಉದ್ದ ಮಾಡಿ ನೋಡುತ್ತಿದ್ದಾರೆ. ಮುಂದೆ ಬನ್ನಿ ಅಂದರೆ ‘ಸಾಹೇಬ್ರ ಸೀಟು’ ಎಂದು ಹುಡುಗನೊಬ್ಬ ತಡೆಯುತ್ತಾನೆ. ನಟರು ಎರಡು ತಾಸು ಆ ಬಾಟಲಿಗಳಿಗೆ ನಾಟಕ ತೋರಿಸಿದರು.

ಗ್ಯಾದರಿಂಗ್ ಬಗ್ಗೆ ಕೇಳಲೇಬೇಡಿ. ನಮ್ಮ ಕಾಲದಲ್ಲಿ ಎರಡು ತಿಂಗಳ ತಾಲೀಮು ಇತ್ತು. ಇಂಗ್ಲಿಷ್ ಮೇಷ್ಟ್ರು ಪ್ರಾಂಪ್ಟ್ ಮಾಡುತ್ತಿದ್ದರು, ಪ್ಯೂನ್ ಪರದೆ ಎಳೆಯುತ್ತಿದ್ದ. ಈಗ ಪೆನ್‌ಡ್ರೈವ್ ತಂದು ಕೊಟ್ಟರೆ ಮುಗಿಯಿತು, ಹಾಡಿಗೆ ಕುಣಿದು ಇಳಿಯುತ್ತಾರೆ. ಕುಣಿಯಲಿ, ನನ್ನ ತಕರಾರಿಲ್ಲ. ಆದರೆ ಕುಣಿತದಲ್ಲಿ ಮೂರು ಮಾತಿನ ಕಾವಲುಗಾರನಿಗೆ ಜಾಗವಿಲ್ಲ ನೋಡಿ. ಮುಂದಿನ ನಟ ಎಲ್ಲಿಂದ ಬರಬೇಕು?

ಎಲ್ಲಿಗೋ ಹೋದೆ. ನಿಮ್ಮ ತಾ.ಕ.ಗೆ ಬರುತ್ತೇನೆ. ‘ಅವನ ತಲೆಯೂ ಸರಿ ಇದ್ದಂತಿಲ್ಲ. ಹೊರಡುವಾಗ ಬಾಗಿಲಲ್ಲಿ ತಿರುಗಿ, ಛತ್ರಿ ತಂದೀರೇನ್ರೀ ಸರ ಎಂದು ಕೇಳಿದ. ನವೆಂಬರ್, ಆಕಾಶದಲ್ಲಿ ಒಂದು ಮೋಡವಿರಲಿಲ್ಲ. ಇಲ್ಲ ಎಂದು ಹೇಳಿ ಬಂದೆ’ ಎಂದು ಬರೆದಿದ್ದೀರಿ.

ಸಾಹೇಬರೇ! ನಾಲ್ಕು ಪುಟ ಬರೆದ ನಿಮಗೆ ಇದು ಹೊಳೆಯಲಿಲ್ಲವೇ? ‘ಸರ’ ಅನ್ನುವುದು ಅವರ ಬಾಯಿಗೆ ಅಂಟಿದ ಮಾತು, ಲೈಟ್ ಹಿಡಿಯುವ ಹುಡುಗನಿಗೂ ಅನ್ನುತ್ತಾರೆ. ಸುತ್ತ ಹತ್ತು ಮಂದಿ ಇದ್ದರು, ಅವನ ಬಸ್ಸು ನಿಂತಿತ್ತು, ಎರಡೇ ನಿಮಿಷ ಇತ್ತು. 1978ರ ಆ ರಾತ್ರಿಯನ್ನು ಇಷ್ಟುದ್ದದ ಒಂದು ಸಾಲಿನಲ್ಲಿ ನಿಮ್ಮ ಕೈಗಿಟ್ಟ. ನೀವು ಆಕಾಶ ನೋಡಿದಿರಿ.

ಬನದ ಹುಣ್ಣಿಮೆ ದೂರವಿಲ್ಲ. ನನ್ನ ಗೆಳೆಯ ಈ ಸಲ ಬನಶಂಕರಿಯಲ್ಲಿ ನಾಲ್ಕು ದಿನ ಆಡುತ್ತಾನೆ. ನಿಮ್ಮ ಗೆಳೆಯನಿಗೂ ಒಂದು ಮಾತು ಹೇಳಿ ಕರೆಯಿರಿ, ನಾನು ಬಾದಾಮಿ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತೇನೆ. ಟಿಕೆಟ್ ನಿಮ್ಮದು ನೀವೇ ತೆಗೆದುಕೊಳ್ಳಬೇಕು. ಛತ್ರಿ ನಾನು ತರುತ್ತೇನೆ.

- ಸಂಪಾದಕ