ಓದುಗರ ಪ್ರಶ್ನೆ: ಶಾನ್ ದೊರೆಗಳನ್ನು ಬ್ರಿಟಿಷರು ಯಾಕೆ ಉಳಿಸಿಕೊಂಡರು?

ಪ್ರಶ್ನೆ: 1834ರಲ್ಲಿ ನಮ್ಮ ಚಿಕ್ಕವೀರರಾಜನನ್ನು ಇಳಿಸಿ ಕಾಶಿಗೆ ಕಳಿಸಿದ ಬ್ರಿಟಿಷರು, ಬರ್ಮಾದ ಶಾನ್ ದೊರೆಗಳನ್ನು ಹಾಗೇ ಬಿಟ್ಟರಂತೆ. ಯಾಕೆ?
– ವಿರಾಜಪೇಟೆಯ ಓದುಗರು

ಉತ್ತರ: ಸುಮ್ನೆ ಬಿಡಲಿಲ್ಲ! ಮಾಂಡಲೆಯಲ್ಲಿದ್ದ ಬರ್ಮಾದ ರಾಜ ಥೀಬಾನನ್ನು 1885ರಲ್ಲಿ ಹಿಡಿದು ಕೊನೆಗೆ ರತ್ನಗಿರಿಯಲ್ಲಿ ಕೂರಿಸಿದರು. ಆಮೇಲೆ 1887ರಲ್ಲಿ ಸೇನೆ ಶಾನ್ ಗುಡ್ಡಗಳನ್ನು ಹತ್ತಿತು. ಅಲ್ಲಿ ಹತ್ತಾರು ಸಂಸ್ಥಾನ, ಕೆಲವು ತೀರಾ ಪುಟಾಣಿ. ಮ್ಯೇಲಾಟ್ ಭಾಗದ ಕ್ಯೋಂಗ್ ಅನ್ನೋದು ಸುಮಾರು 24 ಚದರ ಮೈಲಿ ಅಷ್ಟೇ, ನಮ್ಮ ಕೊಡಗು 1,500ಕ್ಕೂ ಜಾಸ್ತಿ. ಅದಕ್ಕೂ ಒಬ್ಬ ದೊರೆ! ದೊಡ್ಡವರು ಸಾವ್ಬ್ವಾ, ನಡುವಿನವರು ಮ್ಯೋಸಾ, ಕೊನೆಯ ಸಾಲಿನವರು ನ್ಗ್ವೇಗುನ್‌ಹ್ಮು. ಕ್ಯೋಂಗ್‌ನವನು ಕೊನೆಯ ಸಾಲು.

ಪ್ರತಿಯೊಬ್ಬರ ಕೈಗೂ ಒಂದು ಸನದು, ಅಂದರೆ ಅಧಿಕಾರ ಪತ್ರ, ಕೊಟ್ಟರು. ನೀನೇ ಆಳು, ಕಂದಾಯ ಎತ್ತು, ನ್ಯಾಯ ಹೇಳು, ಆದರೆ ವರ್ಷಾವರ್ಷ ಕಪ್ಪ ಕಟ್ಟಬೇಕು, ಬ್ರಿಟಿಷ್ ಅಧಿಕಾರಿಯ ಮಾತು ಕೇಳಬೇಕು, ಕಾಡು ಮತ್ತು ಗಣಿಯ ಹಕ್ಕು ಮಾತ್ರ ಸರ್ಕಾರದ್ದು. ತೇಗದ ಮರ ಎಲ್ಲಿದೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು, ಅಲ್ವಾ? ಗುಡ್ಡಗುಡ್ಡಕ್ಕೂ ಅಧಿಕಾರಿಯನ್ನು ಸಾಕುವ ಖರ್ಚೂ ಉಳಿಯಿತು. ನನ್ನ ಪ್ರಕಾರ ಅಸಲು ಕಾರಣ ಅದೇ. ದೊರೆಗಳ ಮಕ್ಕಳಿಗೆ ಅಂತಲೇ ಶಾನ್ ಗುಡ್ಡಗಳ ಟೌಂಜಿ ಊರಲ್ಲಿ ಶಾಲೆಯನ್ನೂ ತೆರೆದರು.

1922ರಲ್ಲಿ ಎಲ್ಲರನ್ನೂ ಒಂದು ಒಕ್ಕೂಟಕ್ಕೆ ಸೇರಿಸಿದ ಮೇಲೆ ಸಣ್ಣವರ ಕೈಯಲ್ಲಿ ಉಳಿದದ್ದು ಅಷ್ಟಕ್ಕಷ್ಟೇ. ಬರ್ಮಾಕ್ಕೆ ಸ್ವಾತಂತ್ರ್ಯ ಬಂದರೂ ದೊರೆಗಳ ಗದ್ದುಗೆ ಹೋಗಲಿಲ್ಲ. ಉಳಿದಿದ್ದ ಅಧಿಕಾರ ಬಿಟ್ಟುಕೊಟ್ಟದ್ದು 1959ರಲ್ಲಿ.